‘ಸರ್’ ಎಂದರೆ ಯಾವ ಸರ್?

ಕಳೆದ ಮಳೆಗಾಲದಲ್ಲಿ ಮೈಸೂರಿನ ಒಂದು ಮನೆಯವರು ತಾತನ ಟ್ರಂಕಿನಲ್ಲಿ ಸಿಕ್ಕ ಆಹ್ವಾನ ಪತ್ರಿಕೆಯೊಂದನ್ನು ತಂದರು. ಶಾಲಾ ಕಟ್ಟಡದ ಆರಂಭೋತ್ಸವದ್ದು. ‘ಫೆಬ್ರವರಿ 22, ಗುರುವಾರ’ ಎಂಬುದು ಉಳಿದಿತ್ತು. ಇಸವಿ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. “1913 ಅಂತ ನಮ್ಮ ತಂದೆಯವರು ಹೇಳ್ತಿದ್ರು, ಹಾಗೇ ಬರ್ಕೊಳ್ಳಿ” ಅಂದರು ಮನೆಯ ಹಿರಿಯರು. ನಾನು ಅಧ್ಯಕ್ಷತೆಯ ಸಾಲಿನ ಮೇಲೆ ಭೂತಗನ್ನಡಿ ಹಿಡಿದೆ. ‘ಸರ್ ಎಂ. ವಿಶ್ವೇಶ್ವರಯ್ಯ, ಕೆ.ಸಿ.ಐ.ಇ., ದಿವಾನರು.’ ಆ ನಾಲ್ಕು ಅಕ್ಷರ ಹೊತ್ತ ಕಾಗದ 1913ರದ್ದಾಗಿರಲು ಸಾಧ್ಯವೇ ಇಲ್ಲ.

ಹಳೆಯ ಕಾಗದಪತ್ರಗಳ ಪಟ್ಟಿ ಮಾಡುವುದು ನನ್ನ ಕಸುಬು. ತಾರೀಕಿಲ್ಲದ ಕಾಗದ ಕೈಗೆ ಬಂದರೆ ನಾನು ಮೊದಲು ನೋಡುವುದು ಹೆಸರಿಗೆ ಅಂಟಿದ ಈ ಬಾಲವನ್ನು. ನಮ್ಮಲ್ಲಿ ‘ಸರ್ ಪದವಿ ಬಂತು’ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿ. ಆದರೆ ‘ಸರ್’ ತಾನೇ ಒಂದು ಪದವಿಯಲ್ಲ, ಬೇರೊಂದು ಪದವಿಯಿಂದ ಬರುವ ಸಂಬೋಧನೆ. ಆ ಪದವಿ ಯಾವುದು ಎಂಬುದನ್ನು ಹೇಳುವುದು ಬಾಲದ ಅಕ್ಷರಗಳು.

ಬ್ರಿಟಿಷರ ಕಾಲದಲ್ಲಿ ಭಾರತಕ್ಕೆಂದೇ ಹುಟ್ಟಿದ ಎರಡು ಆರ್ಡರ್‌ಗಳು ನಮ್ಮ ಕಡತಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಆರ್ಡರ್ ಎಂದರೆ ಇಲ್ಲಿ ಹುಕುಂ ಅಲ್ಲ, ರಾಜಮನೆತನ ಆರಿಸಿ ಸೇರಿಸಿಕೊಳ್ಳುವ ಬಳಗ. 1861ರಲ್ಲಿ ವಿಕ್ಟೋರಿಯಾ ರಾಣಿ ಆರಂಭಿಸಿದ ಸ್ಟಾರ್ ಆಫ್ ಇಂಡಿಯಾ ಮೇಲಿನದು. 1878ರ ಇಂಡಿಯನ್ ಎಂಪೈರ್ ಅದಕ್ಕಿಂತ ಕೆಳಗಿನದು. ಎರಡಕ್ಕೂ ಕೊನೆಗೆ ಮೂರು ಮೆಟ್ಟಿಲಾದವು: ಕೆಳಗೆ ಕಂಪ್ಯಾನಿಯನ್, ನಡುವೆ ನೈಟ್ ಕಮಾಂಡರ್, ಮೇಲೆ ನೈಟ್ ಗ್ರ್ಯಾಂಡ್ ಕಮಾಂಡರ್. ಇಂಗ್ಲೆಂಡಿನ ಆರ್ಡರ್‌ಗಳಲ್ಲಿ ಮೇಲಿನ ಮೆಟ್ಟಿಲಿಗೆ ‘ಗ್ರ್ಯಾಂಡ್ ಕ್ರಾಸ್’ ಎಂಬ ಹೆಸರಿದೆ. ಶಿಲುಬೆಯ ಹೆಸರು ಹಿಂದೂ, ಮುಸ್ಲಿಂ ಅರಸರಿಗೆ ಹಿಡಿಸದು ಎಂದು ಇಲ್ಲಿ ಅದನ್ನು ‘ಕಮಾಂಡರ್’ ಮಾಡಿದರು.

ಓದುವ ಕ್ರಮ ಸುಲಭ. ಬಾಲದ ಕೊನೆಯಲ್ಲಿ ಎಸ್.ಐ. ಇದ್ದರೆ ಸ್ಟಾರ್, ಐ.ಇ. ಇದ್ದರೆ ಎಂಪೈರ್. ಅದರ ಹಿಂದೆ ಬರೀ ‘ಸಿ’ ಇದ್ದರೆ ಕಂಪ್ಯಾನಿಯನ್, ‘ಕೆ.ಸಿ.’ ಇದ್ದರೆ ನಡುವಿನ ಮೆಟ್ಟಿಲು, ‘ಜಿ.ಸಿ.’ ಇದ್ದರೆ ಮೇಲಿನದು. ಕಂಪ್ಯಾನಿಯನ್ ಆದವರು ನೈಟ್ ಅಲ್ಲ, ಅವರಿಗೆ ‘ಸರ್’ ಇಲ್ಲ. ವಿಶ್ವೇಶ್ವರಯ್ಯನವರಿಗೆ 1911ರಲ್ಲಿ ಬಂದದ್ದು ಸಿ.ಐ.ಇ. ಮಾತ್ರ. 1912ರಲ್ಲಿ ದಿವಾನರಾದಾಗ ಅವರು ಇನ್ನೂ ಸರ್ ಆಗಿರಲಿಲ್ಲ. ಕೆ.ಸಿ.ಐ.ಇ. ಬಂದದ್ದು 1915ರಲ್ಲಿ. ಅವರಿಗಿಂತ ಹಿಂದಿನ ದಿವಾನರಾದ ಶೇಷಾದ್ರಿ ಅಯ್ಯರ್ ಅವರದು ಕೆ.ಸಿ.ಎಸ್.ಐ. ಇಬ್ಬರೂ ಸರ್, ಆದರೆ ಬಂದ ಬಾಗಿಲು ಬೇರೆ ಬೇರೆ.

ಇಲ್ಲಿ ಒಂದು ತೊಡಕಿದೆ. ಯಾವ ಆರ್ಡರಿಗೂ ಸೇರದೆ ಸರ್ ಆಗುವ ದಾರಿಯೂ ಉಂಟು, ಅದು ನೈಟ್ ಬ್ಯಾಚುಲರ್. ಈ ಬ್ಯಾಚುಲರ್‌ಗೂ ಮದುವೆಗೂ ಸಂಬಂಧವಿಲ್ಲ. 1929ರಲ್ಲಿ ಸಿ.ವಿ. ರಾಮನ್ ಅವರಿಗೆ ಬಂದದ್ದು ಇದೇ. ಅದಕ್ಕೇ ಅವರ ‘ಸರ್’ಗೆ ಈ ಎರಡು ಆರ್ಡರ್‌ಗಳ ಬಾಲ ಇಲ್ಲ.

ಈ ತೊಡಕಿನಲ್ಲಿ ನಾನೇ ಎಡವಿದ್ದೇನೆ. ಕಸುಬಿನ ಮೊದಲ ವರ್ಷಗಳಲ್ಲಿ ‘ಸರ್ ಮಿರ್ಜಾ ಎಂ. ಇಸ್ಮಾಯಿಲ್, ಸಿ.ಐ.ಇ., ಓ.ಬಿ.ಇ.’ ಎಂದಿದ್ದ ಒಂದು ಕಡತ ಬಂತು. ಸಿ.ಐ.ಇ. 1924ರದ್ದು ಎಂದು ಗೊತ್ತಿತ್ತು. ‘ಸರ್’ ಅದರ ಜೊತೆಗೇ ಬಂದಿರಬೇಕು ಎಂದುಕೊಂಡು ‘ಸುಮಾರು 1924’ ಎಂದು ಬರೆದುಬಿಟ್ಟೆ. ಸಿ.ಐ.ಇ. ಸರ್ ಕೊಡುವುದೇ ಇಲ್ಲ. ಅವರು ಸರ್ ಆದದ್ದು 1930ರಲ್ಲಿ, ನೈಟ್ ಬ್ಯಾಚುಲರ್ ಆಗಿ. 1936ರಲ್ಲಿ ಕೆ.ಸಿ.ಐ.ಇ. ಬಂದಾಗ ಸಿ.ಐ.ಇ. ಬಿದ್ದುಹೋಯಿತು, ಯಾಕೆಂದರೆ ಒಂದೇ ಆರ್ಡರ್‌ನಲ್ಲಿ ಮೇಲೇರಿದವರು ಕೆಳಗಿನ ಮೆಟ್ಟಿಲಿನ ಅಕ್ಷರ ಬಿಡಬೇಕು. ಓ.ಬಿ.ಇ. ಬ್ರಿಟಿಷ್ ಎಂಪೈರ್ ಎಂಬ ಬೇರೆ ಆರ್ಡರ್‌ನದು, ಅದು ಉಳಿಯಿತು. ಹಾಗಾಗಿ ಆ ಕಡತ 1930ಕ್ಕೂ 1936ಕ್ಕೂ ನಡುವಿನದು. ನನ್ನ ಬರವಣಿಗೆಯನ್ನು ನಂಬಿ ಅದನ್ನು ಹುಡುಕಿದವರಿಗೆ ಎಷ್ಟು ದಾರಿ ತಪ್ಪಿತೋ ಎಂಬ ಕೊರಗು ಈಗಲೂ ಇದೆ.

ಅರಸರ ಲೆಕ್ಕ ಇಷ್ಟು ಬಿಗಿಯಲ್ಲ, ದೊಡ್ಡ ಸಂಸ್ಥಾನದವರು ನೇರ ಮೇಲಿನ ಮೆಟ್ಟಿಲಿಗೇ ಹೋಗುವುದಿತ್ತು. ನಾಲ್ವಡಿಯವರಿಗೆ ಜಿ.ಸಿ.ಎಸ್.ಐ. 1907ರಲ್ಲಿ, ಬ್ರಿಟಿಷ್ ಎಂಪೈರ್ ಆರ್ಡರ್‌ನ ಮೇಲಿನ ಮೆಟ್ಟಿಲಾದ ಜಿ.ಬಿ.ಇ. 1917ರಲ್ಲಿ. ಎರಡೂ ಇದ್ದರೆ 1917ರಿಂದ ಈಚಿನ ಕಾಗದ. ಫೋಟೊ ಆದರೆ ಭುಜ ನೋಡಿ. ಅಡ್ಡವಾಗಿ ಅಗಲ ಪಟ್ಟಿ ಇಳಿದು, ಎದೆಯ ಎಡಗಡೆ ನಕ್ಷತ್ರವಿದ್ದರೆ ಜಿ.ಸಿ.; ಪದಕ ಕೊರಳ ಪಟ್ಟಿಯಲ್ಲಿದ್ದು ಎದೆಯಲ್ಲಿ ನಕ್ಷತ್ರವಿದ್ದರೆ ಕೆ.ಸಿ.; ನಕ್ಷತ್ರವೇ ಇಲ್ಲದಿದ್ದರೆ ಕಂಪ್ಯಾನಿಯನ್.

ಮನೆತನದ ಪುಸ್ತಕ, ಸ್ಮರಣ ಸಂಚಿಕೆ ಮರುಮುದ್ರಿಸುವಾಗ ಈ ಅಕ್ಷರಗಳನ್ನು ತೆಗೆದುಹಾಕುವುದನ್ನು ನೋಡುತ್ತಿದ್ದೇನೆ. ಪರದಾಸ್ಯದ ಗುರುತು ಬೇಡ ಎನ್ನುವವರ ಭಾವನೆಯನ್ನು ಗೌರವಿಸುತ್ತೇನೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದ್ದು ಸರಿಯಾಗಿಯೇ ಇದೆ. ಪದ್ಮ ಪ್ರಶಸ್ತಿಗಳನ್ನು ಕೂಡ ಹೆಸರಿಗೆ ಸೇರಿಸಿಕೊಳ್ಳಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಅದು ನಾವು ಇಂದು ಬರೆಯುವ ಹೆಸರಿಗೆ ಸರಿ. ಅಂದಿನ ಕಾಗದವನ್ನು ನಕಲು ಮಾಡುವಾಗ ಇದ್ದದ್ದನ್ನು ಇದ್ದಂತೆ ಉಳಿಸಿ, ಚುಕ್ಕಿ ಸಮೇತ.

ಆ ಆಹ್ವಾನ ಪತ್ರಿಕೆಗೆ ಮರಳುತ್ತೇನೆ. ಕೆ.ಸಿ.ಐ.ಇ. ಬಂದದ್ದು 1915, ದಿವಾನಗಿರಿ ಬಿಟ್ಟದ್ದು 1918. ಈ ನಡುವೆ ಫೆಬ್ರವರಿ 22 ಗುರುವಾರ ಬಿದ್ದದ್ದು 1917ರಲ್ಲಿ ಮಾತ್ರ. 1912ರಲ್ಲೂ ಆ ದಿನ ಗುರುವಾರವೇ, ಆದರೆ ಆಗ ಅವರು ದಿವಾನರಲ್ಲ. 1913ರಲ್ಲಿ ಅದು ಶನಿವಾರ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ 1917 ಎಂದು ಬರೆದು ಹಿರಿಯರ ಕೈಗೆ ಕೊಟ್ಟೆ. ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ವರ್ಷ ನಮ್ಮ ತಂದೆಗೆ ಆರು ವರ್ಷ. ಮೊದಲನೇ ಬ್ಯಾಚಿನಲ್ಲೇ ಸೇರಿರಬೇಕು” ಅಂದರು.