ಮೂರು ಸ್ಕಿಟ್ ಚೆನ್ನಾಗಿದ್ದು ಐದು ಸಪ್ಪೆಯಾದರೆ?

ಪ್ರಶ್ನೆ: ನ್ಯೂಯಾರ್ಕಿನಿಂದ ಶನಿವಾರ ರಾತ್ರಿ ನೇರ ಪ್ರಸಾರವಾಗುವ ಅಮೆರಿಕದ ಹಾಸ್ಯ ಕಾರ್ಯಕ್ರಮ 'ಸ್ಯಾಟರ್ಡೆ ನೈಟ್ ಲೈವ್'ನ ಕಂತೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಮೂರು ಸ್ಕಿಟ್ ಬಹಳ ಚೆನ್ನಾಗಿದ್ದವು, ಐದು ಸಪ್ಪೆ. ಇದನ್ನು ಒಳ್ಳೆಯ ಕಂತು ಎನ್ನಬೇಕೋ ಕೆಟ್ಟ ಕಂತು ಎನ್ನಬೇಕೋ? ಲೈವ್ ಆದ್ದರಿಂದ, ಎಲ್ಲವೂ ಅಲ್ಲೇ ಹೊಳೆದದ್ದಾದ್ದರಿಂದ, ಸ್ವಲ್ಪ ರಿಯಾಯಿತಿ ಕೊಡಬೇಕಲ್ಲವೇ?
ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಈ ಪ್ರಶ್ನೆ ಎಷ್ಟನೆಯ ಸಲ ಬರುತ್ತಿದೆ ಎಂದು ಲೆಕ್ಕ ಇಡುವುದನ್ನು ಬಿಟ್ಟು ಬಹಳ ದಿನವಾಯಿತು. ಪತ್ರದಲ್ಲಿ ಬರುತ್ತದೆ, ಫೋನಿನಲ್ಲಿ ಬರುತ್ತದೆ. ಸಂಜೆ ಪಿ.ಜೆ. ಬಡಾವಣೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಂತಿದ್ದರೆ ಹಳೆಯ ವಿದ್ಯಾರ್ಥಿಯೊಬ್ಬ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಅದನ್ನೇ ಕೇಳುತ್ತಾನೆ. ಹೆಲ್ಮೆಟ್ಟಿನೊಳಗಿನಿಂದ ಬಂದ ಪ್ರಶ್ನೆಗೆ ಇಷ್ಟು ಸಾಕು ಎಂದು "ಒಳ್ಳೆಯ ಕಂತೇ ಕಣಪ್ಪ" ಎಂದು ಕಳಿಸಿಬಿಡುತ್ತೇನೆ. ನಿಮಗೂ ಅಷ್ಟೇ ಹೇಳಿ ಮುಗಿಸಬಹುದಿತ್ತು. ಎಂಟರಲ್ಲಿ ಮೂರು ಎಂದರೆ ನೂರಕ್ಕೆ 37.5. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದವನ ಮನೆಯಲ್ಲಿ ಪಾಯಸ ಮಾಡುತ್ತಿದ್ದರು.

ತಮಾಷೆ ಇರಲಿ, ಸರಾಸರಿ ತೆಗೆಯುವುದೇ ತಪ್ಪು ದಾರಿ. ಒಂದೂವರೆ ಗಂಟೆಯಲ್ಲಿ ಒಂದೇ ಒಂದು ಸ್ಕಿಟ್ ನೀವು ಮರುದಿನ ಬ್ಯಾಂಕಿನ ಸರತಿಯಲ್ಲಿ ನೆನೆದು ನಗುವಂತಿದ್ದರೆ ಆ ಕಂತು ಗೆದ್ದಿತು. ಎಂಟೂ ಸ್ಕಿಟ್ ಸುಮಾರಾಗಿದ್ದು ಒಂದೂ ನೆನಪಿನಲ್ಲಿ ಉಳಿಯದಿದ್ದರೆ ಸರಾಸರಿ ಎಷ್ಟೇ ಬರಲಿ, ಅದು ಸೋತ ಕಂತು. ಈ ಕಾರ್ಯಕ್ರಮ ಶುರುವಾದಾಗಿನಿಂದಲೂ ಚಿತ್ರಾನ್ನವೇ. 1975ರ ಅಕ್ಟೋಬರ್ 11ರ ಮೊದಲ ಕಂತಿನಲ್ಲಿ ಅತಿಥಿ ನಿರೂಪಕ ಜಾರ್ಜ್ ಕಾರ್ಲಿನ್ ಒಂದು ಸ್ಕಿಟ್‌ನಲ್ಲೂ ನಟಿಸಲಿಲ್ಲ, ಬಂದು ಬಂದು ಒಬ್ಬನೇ ನಿಂತು ಮಾತನಾಡಿದ. ನಡುವೆ ಇಬ್ಬರು ಗಾಯಕರು, ಜಿಮ್ ಹೆನ್ಸನ್‌ನ ಬೊಂಬೆಗಳು, ಗ್ರಾಮಫೋನ್ ಹಾಕಿ ಸುಮ್ಮನೆ ನಿಂತ ಹಾಸ್ಯಗಾರ ಆಂಡಿ ಕೌಫ್‌ಮನ್. ಮರುವಾರದ್ದಂತೂ ಬಹುಪಾಲು ಪಾಲ್ ಸೈಮನ್‌ನ ಸಂಗೀತ ಕಚೇರಿ. "ಹಿಂದೆ ಎಷ್ಟು ಚೆನ್ನಾಗಿತ್ತು" ಎನ್ನುವವರು ನೋಡಿರುವುದು ಆ ಕಾಲದ ಕಂತುಗಳನ್ನಲ್ಲ, ಜರಡಿಯಲ್ಲಿ ಉಳಿದ ತುಣುಕುಗಳನ್ನು.

ಇಷ್ಟಕ್ಕೆ ನಿಲ್ಲಿಸುತ್ತಿದ್ದೆ. ಆದರೆ ನಿಮ್ಮ ಪ್ರಶ್ನೆಯ ಬಾಲದಲ್ಲಿ "ಅಲ್ಲೇ ಹೊಳೆದದ್ದು" ಎಂದು ಒಂದು ಮಾತು ಸೇರಿಸಿದ್ದೀರಲ್ಲ, ಅದು ನನ್ನನ್ನು ಮಲಗಲು ಬಿಡುವುದಿಲ್ಲ.

ಸ್ವಾಮಿ, ಅಲ್ಲಿ ಏನೂ ಅಲ್ಲೇ ಹೊಳೆಯುವುದಿಲ್ಲ. ಲೈವ್ ಎಂದರೆ ನಡೆಯುತ್ತಿರುವ ಹೊತ್ತಿಗೇ ಪ್ರಸಾರವಾಗುವುದು ಎಂದರ್ಥ, ಬಾಯಿಗೆ ಬಂದದ್ದನ್ನು ಹೇಳುವುದು ಎಂದಲ್ಲ. ಮದುವೆಯ ನೇರ ಪ್ರಸಾರ ನೋಡಿದ್ದೀರಿ. ಪುರೋಹಿತರು ಮಂತ್ರವನ್ನು ಆಗ ತಾನೇ ರಚಿಸಿದರು ಎಂದು ನಿಮಗೆ ಅನ್ನಿಸಿತೇ?

ಅವರ ವಾರ ಹೇಗಿರುತ್ತದೆ ಕೇಳಿ. ಸೋಮವಾರ ನಿರ್ಮಾಪಕ ಲಾರ್ನ್ ಮೈಕಲ್ಸ್ ಕೋಣೆಯಲ್ಲಿ ಆ ವಾರದ ಅತಿಥಿಯ ಮುಂದೆ ಬರಹಗಾರರೂ ನಟರೂ ಒಂದೊಂದು ಎಳೆ ಹೇಳುತ್ತಾರೆ. ಮಂಗಳವಾರ ರಾತ್ರಿ ಶುರುವಾದ ಬರವಣಿಗೆ ಬೆಳಕು ಹರಿಯುವವರೆಗೂ ನಡೆಯುತ್ತದೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕುಳಿತು ಸುಮಾರು 40 ಸ್ಕಿಟ್‌ಗಳನ್ನು ಗಟ್ಟಿಯಾಗಿ ಓದುತ್ತಾರೆ. ಉಳಿಯುವುದು ಹತ್ತು ಹನ್ನೆರಡು. ಆಮೇಲೆ ಎರಡು ದಿನ ಸೆಟ್ಟು, ಬಟ್ಟೆ, ವಿಗ್ಗು, ತಾಲೀಮು. ಶನಿವಾರ ರಾತ್ರಿ 8ಕ್ಕೆ ಪ್ರೇಕ್ಷಕರನ್ನು ಕೂರಿಸಿಕೊಂಡು, ಬಣ್ಣ ಹಚ್ಚಿಕೊಂಡು ಪೂರ್ತಿ ಆಟವನ್ನೇ ಆಡುತ್ತಾರೆ. ಅದು ಪ್ರಸಾರದ ಅವಧಿಗಿಂತ ಉದ್ದ. ಯಾವುದಕ್ಕೆ ನಗು ಬಂತು, ಯಾವುದಕ್ಕೆ ಬರಲಿಲ್ಲ ಎಂದು ನೋಡಿ ಒಂದೆರಡು ಸ್ಕಿಟ್‌ಗಳನ್ನು ಕಿತ್ತು ಹಾಕುತ್ತಾರೆ, ಸಾಲುಗಳನ್ನು ಕತ್ತರಿಸುತ್ತಾರೆ, ಹಿಂದಿನದನ್ನು ಮುಂದಕ್ಕೆ ಹಾಕುತ್ತಾರೆ. ಆ ಪ್ರೇಕ್ಷಕರನ್ನು ಕಳಿಸಿ ಹೊಸಬರನ್ನು ಕೂರಿಸಿ 11:30ಕ್ಕೆ ಮತ್ತೆ ಆಡುತ್ತಾರೆ. ನಿಮಗೆ ಭಾನುವಾರ ಬೆಳಿಗ್ಗೆ 9ಕ್ಕೋ, ಅಮೆರಿಕದವರ ಚಳಿಗಾಲದಲ್ಲಿ 10ಕ್ಕೋ, ಬೆಣ್ಣೆದೋಸೆಯ ಹೊತ್ತಿಗೆ ನಡೆಯುತ್ತಿರುವುದು ಅವರ ಎರಡನೆಯ ಆಟ.

ಇನ್ನು ಮಾತು. ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ದೊಡ್ಡ ಬಿಳಿ ರಟ್ಟುಗಳನ್ನು ಹಿಡಿದು ನಿಂತಿರುತ್ತಾರೆ. ಪ್ರತಿ ಸಾಲೂ ಅದರ ಮೇಲೆ ದಪ್ಪಕ್ಷರದಲ್ಲಿ, ಕೈಯಲ್ಲಿ ಬರೆದದ್ದು. ಅವಕ್ಕೆ ಕ್ಯೂ ಕಾರ್ಡ್ ಎನ್ನುತ್ತಾರೆ. ಕೊನೆಯ ಗಳಿಗೆಯವರೆಗೂ ಸಾಲು ಬದಲಾಗುವುದರಿಂದ ನಟರು ಬಾಯಿಪಾಠಕ್ಕಿಂತ ರಟ್ಟನ್ನೇ ನಂಬುತ್ತಾರೆ. ಎದುರಿಗಿರುವವನ ಜೊತೆ ಜಗಳವಾಡುತ್ತಿರುವ ನಟನ ಕಣ್ಣು ಅವನ ಕಿವಿಯ ಪಕ್ಕದಲ್ಲೆಲ್ಲೋ ನೆಟ್ಟಿರುವುದನ್ನು ನೀವು ಗಮನಿಸಿಲ್ಲವೇ? ಅದು ನಟನೆಯ ಹೊಸ ಶೈಲಿಯಲ್ಲ, ಓದು.

ಅಲ್ಲೇ ಹೊಳೆದದ್ದನ್ನು ಹೇಳಿದವನ ಕಥೆಯೂ ಇದೆ. 1986ರ ಮಾರ್ಚ್‌ನಲ್ಲಿ ಡೇಮನ್ ವೇಯನ್ಸ್ ಎಂಬ ಯುವನಟ ಪೊಲೀಸಿನವನ ಸಣ್ಣ ಪಾತ್ರವೊಂದನ್ನು ತಾಲೀಮಿನಲ್ಲಿ ಮಾಡಿದ್ದಂತೆ ಮಾಡದೆ, ಪ್ರಸಾರದಲ್ಲಿ ತನಗೆ ತೋಚಿದ ಧ್ವನಿ, ತೋಚಿದ ಧಾಟಿಯಲ್ಲಿ ಮಾಡಿಬಿಟ್ಟ. ಮೈಕಲ್ಸ್ ಅವನನ್ನು ಕೆಲಸದಿಂದ ತೆಗೆದರು. ಇದು ಕ್ರೌರ್ಯವೆಂದು ಮೊದಲು ಕೇಳಿದಾಗ ನನಗೂ ಅನ್ನಿಸಿತ್ತು. ಆದರೆ ಯೋಚಿಸಿ. ಕ್ಯಾಮೆರಾ ಯಾವ ಮಾತಿಗೆ ಯಾರ ಮುಖಕ್ಕೆ ತಿರುಗಬೇಕು, ಯಾವ ಸಾಲಿಗೆ ದೀಪ ಆರಬೇಕು, ಪಕ್ಕದ ಸೆಟ್ಟಿನಲ್ಲಿ ಯಾರು ಯಾವಾಗ ವಿಗ್ ಬದಲಾಯಿಸಬೇಕು ಎಂಬುದೆಲ್ಲ ಅಕ್ಷರ ಅಕ್ಷರಕ್ಕೆ ಕಟ್ಟಿದ್ದು. ಒಬ್ಬ ಅರ್ಧ ನಿಮಿಷ ಹೆಚ್ಚು ಎಳೆದರೆ ಕೊನೆಯ ಸ್ಕಿಟ್‌ನಲ್ಲಿ ಇನ್ನೊಬ್ಬನ ಅನ್ನ ಹೋಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ಒಂದು, ಆ ನಟರಲ್ಲಿ ಅನೇಕರು ಷಿಕಾಗೋದ 'ಸೆಕೆಂಡ್ ಸಿಟಿ'ಯಂಥ, ಆಶುನಟನೆಯನ್ನೇ ಕಲಿಸುವ ತಂಡಗಳಿಂದ ಬಂದವರು. ಬಿಲ್ ಮರ್ರಿ, ಟೀನಾ ಫೇ ಇಬ್ಬರೂ ಅಲ್ಲಿಯವರೇ. ಈಜು ಬಲ್ಲವರು ಎಂದ ಮಾತ್ರಕ್ಕೆ ಬಸ್ಸಿನಲ್ಲೂ ಈಜುತ್ತಾರೆ ಎಂದುಕೊಂಡರೆ ಹೇಗೆ? ಎರಡನೆಯ ಕಾರಣ ನಮ್ಮ ಊರಿನದು. ದಾವಣಗೆರೆಯವರು ಕಂಪನಿ ನಾಟಕ ನೋಡಿ ಬೆಳೆದವರು. ಇದು ಚಿಂದೋಡಿ ಲೀಲಾ ಅವರ ಊರು, ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ಇರುವ ಊರು. ಹಾಸ್ಯಪಾತ್ರದವನು ಪರದೆಯ ಮುಂದೆ ಬಂದು ನಮ್ಮದೇ ಬೀದಿಯ ಹೆಸರು ಹೇಳಿ ಕಿಚಾಯಿಸುತ್ತಿದ್ದ. ಅಬ್ಬಾ, ಎಂಥ ಸಮಯಸ್ಫೂರ್ತಿ ಎಂದು ನಮ್ಮ ಅಪ್ಪಂದಿರು ಶಿಳ್ಳೆ ಹಾಕಿದರು. ಅದೇ ಕಣ್ಣಿನಿಂದ ನ್ಯೂಯಾರ್ಕಿನ ಸ್ಟುಡಿಯೊವನ್ನೂ ನೋಡುತ್ತೇವೆ.

ಆದರೆ ಆ ಸಮಯಸ್ಫೂರ್ತಿಯ ಒಳಗುಟ್ಟು ನನಗೆ ಗೊತ್ತಿದೆ. ನನ್ನ ಸೋದರಮಾವ ಒಂದು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಕಂಪನಿ ಇಲ್ಲಿ ಕ್ಯಾಂಪ್ ಹಾಕಿದಾಗ ನನಗೆ ಹದಿನಾಲ್ಕು. ಪ್ರಾಂಪ್ಟರ್‌ಗೆ ಜ್ವರ ಬಂದು ಸೈಡ್‌ವಿಂಗಿನಲ್ಲಿ ನೋಟುಪುಸ್ತಕ ಹಿಡಿದು ಕೂರುವ ಭಾಗ್ಯ ನನ್ನ ಪಾಲಿಗೆ ಬಂತು. ಕಂಪನಿಯ ಹಾಸ್ಯಗಾರರು ಬೆಳಿಗ್ಗೆ ನನ್ನ ಕೈಗೆ ಚಹಾದ ಕಾಸು ಕೊಟ್ಟು, "ಹೋಗಪ್ಪ, ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕು. ಯಾವ ರಸ್ತೆ ಅಗೆದಿದ್ದಾರೆ, ಯಾವುದರ ಬೆಲೆ ಏರಿದೆ, ಜನ ಯಾರನ್ನು ಬೈಯುತ್ತಿದ್ದಾರೆ, ಕೇಳಿಕೊಂಡು ಬಾ" ಎನ್ನುತ್ತಿದ್ದರು. ತಂದದ್ದರಲ್ಲಿ ಎರಡನ್ನು ಆರಿಸಿ, ಪುಸ್ತಕದ ಅಂಚಿನಲ್ಲಿ ನನ್ನಿಂದಲೇ ಬರೆಸಿ, ಮಧ್ಯಾಹ್ನ ಊಟದ ನಂತರ ನಾಲ್ಕು ಸಲ ಹೇಳಿ ನೋಡಿಕೊಳ್ಳುತ್ತಿದ್ದರು. ರಾತ್ರಿ ಆ ಮಾತು ಬಂದಾಗ ಹಣೆಗೆ ಕೈ ಹಚ್ಚಿ ಒಂದು ಕ್ಷಣ ಯೋಚಿಸುವಂತೆ ನಿಲ್ಲುತ್ತಿದ್ದರು. ಆ ನಿಲುಗಡೆಯೂ ತಾಲೀಮಾದದ್ದೇ. ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರು "ನಾಲಿಗೆಯ ಮೇಲೆ ಸರಸ್ವತಿ" ಎಂದು ಹೊಗಳಿದರು. ಸರಸ್ವತಿಗೆ ಮಂಡಿಪೇಟೆಯಿಂದ ಸುದ್ದಿ ತಂದುಕೊಟ್ಟವನು ನಾನು.

ಆದ್ದರಿಂದ "ಲೈವ್ ಪಾಪ" ಎಂಬ ರಿಯಾಯಿತಿಯನ್ನು ಬರವಣಿಗೆಗೆ ಕೊಡಬೇಡಿ. ಸ್ಕಿಟ್ ಸಪ್ಪೆಯಾಗಿದ್ದರೆ ಅದು ಮಂಗಳವಾರ ರಾತ್ರಿಯೇ ಸಪ್ಪೆಯಾಗಿತ್ತು. ಬುಧವಾರದ ಓದು, ಶನಿವಾರದ ಮೊದಲ ಆಟ ಎರಡನ್ನೂ ದಾಟಿಕೊಂಡು ಬಂದಿತು. ನೀವು ಹೇಳಿದ ಐದರಲ್ಲಿ ಹೆಚ್ಚಿನವು ಇಂಥವೇ ಇರಬೇಕು. ಮೊದಲ ಅರ್ಧ ನಿಮಿಷದಲ್ಲಿ ಒಂದು ವಿಚಿತ್ರ ವ್ಯಕ್ತಿ ಬರುತ್ತಾನೆ, ನಗುತ್ತೀರಿ. ಅವನು ಅದನ್ನೇ ಮೂರು ಸಲ ಮಾಡುತ್ತಾನೆ, ಪಕ್ಕದವರು ಮೂರು ಸಲ ಬೆಚ್ಚಿಬೀಳುತ್ತಾರೆ, ಮುಗಿಸಲು ಗೊತ್ತಾಗದೆ ಚಪ್ಪಾಳೆ ಹೊಡೆಸಿ ದೀಪ ಆರಿಸುತ್ತಾರೆ. ಇದಕ್ಕೆ ಕನಿಕರ ತೋರಿಸಬೇಕಾಗಿಲ್ಲ. ನಮ್ಮ ಚಾನೆಲ್‌ಗಳ ಹಾಸ್ಯ ಕಾರ್ಯಕ್ರಮಗಳು ಮೊದಲೇ ಚಿತ್ರೀಕರಣವಾಗಿ ಕತ್ತರಿಗೆ ಒಳಗಾಗಿ ಬರುವುದರಿಂದ ಇಂಥ ಹೊತ್ತು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೇ. ಲೈವ್‌ನಲ್ಲಿ ಒಮ್ಮೆ ಆಡಿದ್ದಕ್ಕೆ ಕತ್ತರಿ ಹಾಕಲು ಯಾರಿಗೂ ಅವಕಾಶವಿಲ್ಲ. ರಿಯಾಯಿತಿ ಬೇಕಿದ್ದರೆ ಎಡವಿದ ನಾಲಿಗೆಗೆ, ಕಳಚಿದ ಮೀಸೆಗೆ, ತೆರೆಯದ ಬಾಗಿಲಿಗೆ ಕೊಡಿ.

ಐದರಲ್ಲಿ ಒಂದೆರಡನ್ನು ಮಾತ್ರ ನಿಮ್ಮ ಲೆಕ್ಕದಿಂದಲೇ ತೆಗೆಯಿರಿ. ಕಂತಿನ ಮೊದಲಿಗೆ ಬರುವ ಸ್ಕಿಟ್ ಸಾಮಾನ್ಯವಾಗಿ ಅಲ್ಲಿಯ ಆ ವಾರದ ರಾಜಕೀಯದ್ದು. ಅಲ್ಲಿಯ ಸೆನೆಟರ್ ಒಬ್ಬ ಮಂಗಳವಾರ ಏನೆಂದ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಭದ್ರಾ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪುವ ಬಗ್ಗೆ ನಮ್ಮವರು ಮಾಡುವ ತಮಾಷೆಗೆ ನ್ಯೂಯಾರ್ಕಿನವನು ನಗದಿದ್ದರೆ ತಮಾಷೆ ಸೋತಿತು ಎನ್ನಲಾದೀತೇ? ಹಾಗೆಯೇ ಕೊನೆಯ ಸ್ಕಿಟ್. ಅಲ್ಲಿಯ ಗಡಿಯಾರದಲ್ಲಿ ರಾತ್ರಿ ಒಂದಕ್ಕೆ ಹತ್ತು ನಿಮಿಷವಿರುವಾಗ ಬರುವ ಆ ಜಾಗವನ್ನು ವಿಚಿತ್ರವಾದುದಕ್ಕೆಂದೇ ಬಿಟ್ಟುಕೊಟ್ಟಿರುತ್ತಾರೆ. ಅರ್ಧ ಜನ ಮಲಗಿರುತ್ತಾರೆ, ಸೋತರೆ ನಷ್ಟವಿಲ್ಲ. ನನಗೆ ಅತಿ ಇಷ್ಟವಾದವು ಆ ಹೊತ್ತಿನವೇ, ನಮ್ಮ ಮನೆಯಲ್ಲಿ ಮಿಕ್ಕವರಿಗೆ ಒಂದೂ ಹಿಡಿಸಿಲ್ಲ. ಇನ್ನೊಂದು ದಾರಿ ಇದೆ. ಮೊದಲ ಆಟದಲ್ಲಿ ಆಡಿ ಸಮಯವಿಲ್ಲದೆ ಕೈಬಿಟ್ಟ ಕೆಲವು ಸ್ಕಿಟ್‌ಗಳನ್ನು ಅವರೇ ಯೂಟ್ಯೂಬಿಗೆ ಹಾಕುತ್ತಾರೆ. ಅವನ್ನು ನೋಡಿ. ಪ್ರಸಾರವಾದ ಸಪ್ಪೆಗಿಂತ ಅದು ಚೆನ್ನಾಗಿದ್ದರೆ ನೀವು ಬೈಯಬೇಕಾದದ್ದು ಬರಹಗಾರನನ್ನಲ್ಲ, ಆರಿಸಿದವರನ್ನು.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ. ಸ್ಕಿಟ್ ನಡುವೆ ನಟನೇ ನಕ್ಕುಬಿಟ್ಟರೆ ಅದಕ್ಕೆ ಅಂಕ ಕೂಡಿಸಬೇಕೋ ಕಳೆಯಬೇಕೋ?

2004ರಲ್ಲಿ ರೇಚಲ್ ಡ್ರಾಚ್ 'ಡೆಬ್ಬಿ ಡೌನರ್' ಎಂಬ ಪಾತ್ರವನ್ನು ಮೊದಲ ಸಲ ತಂದಳು. ಸಂತೋಷದ ಊಟದ ಮೇಜಿನಲ್ಲಿ ರೋಗ, ಸಾವು, ದುರಂತಗಳನ್ನೇ ಎತ್ತುವ ಹೆಂಗಸು. ಇಂಥ ಒಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರೆ, ಮದುವೆ ಮನೆಯಲ್ಲಿ ಪಕ್ಕದಲ್ಲೇ ಕೂರುತ್ತಾರೆ. ಮಾತು ತೊದಲಿ ಡ್ರಾಚ್ ನಕ್ಕಳು, ಆಮೇಲೆ ಮೇಜಿನ ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ಕುಸಿದರು. ಆ ಸ್ಕಿಟ್ ಹೆಸರಾದದ್ದೇ ಆ ಕುಸಿತದಿಂದ. ಆಮೇಲೆ ಬಿಲ್ ಹೇಡರ್‌ನ ಸ್ಟೆಫಾನ್. ಕಾರ್ಯಕ್ರಮದ ಅಣಕು ಸುದ್ದಿಯಲ್ಲಿ ಸುದ್ದಿ ಓದುವವನ ಪಕ್ಕ ಕುಳಿತು ಯಾರೂ ಹೋಗಲಾರದ ಕ್ಲಬ್ಬುಗಳನ್ನು ಶಿಫಾರಸು ಮಾಡುವವನು. ಆ ಪಾತ್ರವನ್ನು ಹೇಡರ್ ಜೊತೆ ಬರೆಯುತ್ತಿದ್ದ ಜಾನ್ ಮುಲೇನಿ ಮೊದಲ ಆಟ ಮುಗಿದ ಮೇಲೆ ಅವನಿಗೆ ಹೇಳದೆ ರಟ್ಟಿನ ಸಾಲುಗಳನ್ನು ಬದಲಾಯಿಸುತ್ತಿದ್ದ. ಹೇಡರ್ ಆ ಸಾಲನ್ನು ಮೊದಲ ಸಲ ಓದುತ್ತಿದ್ದದ್ದು ಇಡೀ ದೇಶದ ಮುಂದೆ. ನೋಡಿ, ನಗು ನಿಜ, ಆದರೆ ಅದಕ್ಕೆ ಕಾರಣವಾದ ಸಾಲು ಬರೆದದ್ದೇ. ಇಂಥದ್ದಕ್ಕೆ ನಾನು ಕೈತುಂಬ ಅಂಕ ಕೊಡುತ್ತೇನೆ. ಸ್ಕಿಟ್ ಸೋಲುತ್ತಿದೆ ಎಂದು ತಿಳಿದು, ಪ್ರೇಕ್ಷಕರ ಚಪ್ಪಾಳೆ ಗಿಟ್ಟಿಸಲು ತುಟಿ ಕಚ್ಚಿಕೊಂಡು ನಗುವವರಿಗೆ ಸೊನ್ನೆ.

ಎರಡನ್ನೂ ಬೇರೆ ಮಾಡುವುದು ಹೇಗೆ ಎನ್ನುತ್ತೀರಾ? ನಮ್ಮ ಹಾಸ್ಯಗಾರರು ಜಮೀನ್ದಾರನ ಸೀನಿನಲ್ಲಿ ತಮ್ಮ ಮಾತಿಗೆ ತಾವೇ ನಕ್ಕು, ಹೊಟ್ಟೆ ಹಿಡಿದು ಜನರತ್ತ ತಿರುಗುತ್ತಿದ್ದರು. ಕ್ಯಾಂಪಿನುದ್ದಕ್ಕೂ ಪ್ರತಿ ರಾತ್ರಿ ಅದೇ ಮಾತಿಗೆ, ಅದೇ ಹೊತ್ತು. ಪ್ರತಿ ರಾತ್ರಿಯೂ ಒನ್ಸ್‌ಮೋರ್. ಒಂದು ರಾತ್ರಿ ಜಮೀನ್ದಾರನ ಪಾತ್ರದವರು ಗದರಿಸಲು ಬಾಯಿ ತೆರೆದಾಗ ಕಟ್ಟಿಸಿಕೊಂಡಿದ್ದ ಹಲ್ಲು ಜಾರಿ ತಾಂಬೂಲದ ತಟ್ಟೆಗೆ ಬಿತ್ತು. ಹಾಸ್ಯಗಾರರು ಜನರತ್ತ ತಿರುಗಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು, ಬೆನ್ನು ತೋರಿಸಿ, ನನ್ನ ಕಡೆಯ ವಿಂಗಿನತ್ತ ನಡೆದು ಬಂದರು. ಭುಜ ಕುಲುಕುತ್ತಿತ್ತು. ನಾನು ಮುಂದಿನ ಸಾಲನ್ನು ಮೂರು ಸಲ ಹೇಳಿಕೊಟ್ಟೆ, ಅವರಿಗೆ ಕೇಳಿಸಲಿಲ್ಲ. ಸ್ಟೆಫಾನ್ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಆ ಟವಲು ಕಾಣುತ್ತದೆ.