ಮಗು ಕಾಯಲಿಲ್ಲ ಅಂದ್ರೆ ಭವಿಷ್ಯ ಮುಗೀತಾ?

ಓದುಗರ ಪ್ರಶ್ನೆ: ನಮ್ಮ ಮಗಳಿಗೆ ಐದು ವರ್ಷ. ಮೊಬೈಲ್‌ನಲ್ಲಿ ನೋಡಿದಂತೆ ಅವಳ ಮುಂದೆ ಒಂದು ತುಂಡು ಕರದಂಟು ಇಟ್ಟು, ‘ಹದಿನೈದು ನಿಮಿಷ ತಿನ್ನದೆ ಕೂತರೆ ಇನ್ನೊಂದು ಕೊಡ್ತೀವಿ’ ಅಂದೆವು. ಎರಡೇ ನಿಮಿಷಕ್ಕೆ ತಿಂದುಬಿಟ್ಟಳು. ಮುಂದೆ ಸೈನಿಕ ಶಾಲೆ, ನವೋದಯ ಪರೀಕ್ಷೆ ಬರೆಸಬೇಕು ಅಂತಿದ್ದೇವೆ. ಇವಳಿಗೆ ತಾಳ್ಮೆ ಕಲಿಸುವುದು ಹೇಗೆ?
– ಒಬ್ಬ ತಾಯಿ, ವಿಜಯಪುರ

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಕೋಚಿಂಗ್ ಕ್ಲಾಸಿನ ಬೋರ್ಡುಗಳು ಏಳುವ ಹೊತ್ತಿಗಂತೂ ಇನ್ನೂ ಜಾಸ್ತಿ. ಒಬ್ಬರು ಪೇಢೆ ಇಡುತ್ತಾರೆ, ಇನ್ನೊಬ್ಬರು ಚಾಕ್ಲೇಟ್. ಭಯ ಮಾತ್ರ ಎಲ್ಲರದೂ ಒಂದೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮಗಳು ಯಾವುದರಲ್ಲೂ ಫೇಲ್ ಆಗಿಲ್ಲ.

‘ಕಾದ ಮಗು ಮುಂದೆ ಬರುತ್ತದೆ, ಕಾಯದ ಮಗು ಹಿಂದೆ ಬೀಳುತ್ತದೆ’ ಅನ್ನುವ ಮಾತು ಎಲ್ಲಿಂದ ಬಂತು ನೋಡಿ. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಈ ಪ್ರಯೋಗ ಶುರು ಮಾಡಿದರು. ಅಲ್ಲಿ ಇಟ್ಟಿದ್ದು ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಸಿಹಿ ಮಿಠಾಯಿ, ಬಿಸ್ಕತ್ತಿನಂಥ ತಿಂಡಿ. ಯಾವ ಮಗು ಜಾಣ ಅಂತ ಆರಿಸುವುದು ಅವರ ಉದ್ದೇಶವೇ ಆಗಿರಲಿಲ್ಲ. ಕಾಯುವುದು ಯಾವಾಗ ಸುಲಭ, ಯಾವಾಗ ಕಷ್ಟ ಅಂತ ಅವರು ಹುಡುಕುತ್ತಿದ್ದರು. ಉತ್ತರವೂ ಸಿಕ್ಕಿತು. 1970ರ ವರದಿಯ ಪ್ರಕಾರ, ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳು ಸರಾಸರಿ ಒಂದು ನಿಮಿಷದಷ್ಟು ಕಾದರು. ಮುಚ್ಚಿಟ್ಟಾಗ ಸುಮಾರು 11 ನಿಮಿಷ. ಅಂದರೆ ನಿಮ್ಮ ಮಗಳ ಎರಡು ನಿಮಿಷ ಕಡಿಮೆ ಏನಲ್ಲ!

ಭವಿಷ್ಯದ ಮಾತು ಸೇರಿಕೊಂಡಿದ್ದು ಆಮೇಲೆ. ಅದೇ ಮಕ್ಕಳು ದೊಡ್ಡವರಾದ ಮೇಲೆ ವಿಚಾರಿಸಿದಾಗ, ಹೆಚ್ಚು ಹೊತ್ತು ಕಾದಿದ್ದವರ ಪರೀಕ್ಷೆಯ ಅಂಕ ಚೆನ್ನಾಗಿದ್ದವು ಅಂತ 1990ರಲ್ಲಿ ವರದಿ ಬಂತು. ಆದರೆ ಆ ಲೆಕ್ಕಕ್ಕೆ ಸಿಕ್ಕ ಮಕ್ಕಳು 50 ಕೂಡ ಇರಲಿಲ್ಲ. ಅವರೆಲ್ಲ ಒಂದೇ ಶಾಲೆಯವರು, ಹೆಚ್ಚಿನವರು ವಿಶ್ವವಿದ್ಯಾಲಯದ ನಂಟಿದ್ದ ಮನೆಯವರು. ಸಂಶೋಧಕರೇ ಹುಷಾರಾಗಿ ಓದಿ ಅಂದಿದ್ದರು. ಆ ಎಚ್ಚರಿಕೆ ಯಾರ ಮೊಬೈಲಿಗೂ ಫಾರ್ವರ್ಡ್ ಆಗಲಿಲ್ಲ, ನೋಡಿ.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ಹಿಡಿದು ಕೂತರು. ಇವರಲ್ಲಿ ಎಲ್ಲ ಥರದ ಮನೆಯ ಮಕ್ಕಳಿದ್ದರು. ಕಾಯುವುದಕ್ಕೂ 15ನೇ ವಯಸ್ಸಿನ ಓದಿಗೂ ಇರುವ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ಮಗುವಿನ ಮೊದಲಿನ ಕಲಿಕೆ ಇವನ್ನೂ ಲೆಕ್ಕಕ್ಕೆ ತಗೊಂಡಾಗ ಆ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರ ಪ್ರಯೋಗ, 2013ರದ್ದು. ಅವರು 28 ಮಕ್ಕಳಿಗೆ ಮೊದಲು ಚಿತ್ರ ಬರೆಯಲು ಕೂರಿಸಿ, ‘ಇನ್ನೂ ಚೆಂದದ ಬಣ್ಣ ತರ್ತೀನಿ, ತಡಿ’ ಅಂದರು. ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಉಳಿದವರಿಗೆ, ‘ಇಲ್ಲಪ್ಪ, ಇರಲಿಲ್ಲ’ ಅಂತ ಬರಿಗೈಲಿ ಬಂದರು. ಆಮೇಲೆ ತಿಂಡಿ ಇಟ್ಟರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ ಮೂರು ನಿಮಿಷ. ಪೂರ್ತಿ 15 ನಿಮಿಷ ಕಾದವರು ಆ ಕಡೆ 14ರಲ್ಲಿ 9, ಈ ಕಡೆ 14ರಲ್ಲಿ ಒಂದೇ ಒಂದು ಮಗು.

ಅಂದರೆ ಮಗು ದೊಡ್ಡವರ ಮಾತನ್ನು ತೂಗಿ ನೋಡುತ್ತದೆ. ನಮ್ಮ ಕಡೆ ಉಳ್ಳಾಗಡ್ಡಿ ಬೆಳೆದವರು ದರ ಏರುವ ತನಕ ಕಾಯದೆ ಮಾರಿದರೆ ಅವರಿಗೆ ತಾಳ್ಮೆ ಇಲ್ಲ ಅಂತೀವಾ? ಮಾಲು ಕೊಳೆಯುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ, ನಾಳಿನ ದರಕ್ಕೆ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಇಟ್ಟ ತಿಂಡಿಯನ್ನು ಅಣ್ಣ ಬಂದು ತಿಂದುಬಿಡುವ ಮನೆಯಲ್ಲಿ ತಕ್ಷಣ ತಿನ್ನುವ ಮಗುವಿಗೂ ಲೆಕ್ಕ ಬರುತ್ತದೆ. ಅದನ್ನು ದಡ್ಡತನ ಅನ್ನಬೇಡಿ, ದಯವಿಟ್ಟು.

ಹಾಗಾದರೆ ಏನು ಮಾಡಬೇಕು? ತಿಂಡಿ ಇಟ್ಟು ಪರೀಕ್ಷೆ ಮಾಡುವುದನ್ನು ಬಿಡಿ. ಕಾಯಬೇಕಾದಾಗ ವಸ್ತುವನ್ನು ಕಣ್ಮರೆ ಮಾಡಿ, ಮಗುವಿನ ಕೈಗೆ ಬೇರೆ ಆಟ ಕೊಡಿ. ‘ಸಿದ್ಧೇಶ್ವರ ಜಾತ್ರೆಗೆ ಕರ್ಕೊಂಡು ಹೋಗ್ತೀನಿ, ಈಗ ಸುಮ್ನಿರು’ ಅಂದಿದ್ದರೆ ಕರೆದುಕೊಂಡು ಹೋಗಿ. ಆಗದಿದ್ದರೆ ಆಸೆ ತೋರಿಸಲೇಬೇಡಿ.

ಪರೀಕ್ಷೆಯ ಮಾತು ಬಂತಲ್ಲ, ನೀವು ಕೇಳದ ಇನ್ನೊಂದು ವಿಷಯ. ‘ಒಂದು ಪುಸ್ತಕ ಓದಿದರೆ ಹತ್ತು ರೂಪಾಯಿ’ ಅನ್ನುವ ಪದ್ಧತಿ ಈಗ ಎಷ್ಟೋ ಮನೆಯಲ್ಲಿದೆ. ಅದೇ ಬಿಂಗ್ ನರ್ಸರಿಯಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳನ್ನು ಆರಿಸಿ, ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬರೆಸಿದರು. ಬಹುಮಾನವನ್ನೂ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿ ಬಣ್ಣ ಹಿಡಿದು ಕೂರುವ ಹೊತ್ತು ಉಳಿದವರಿಗಿಂತ ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊನೆಯಲ್ಲಿ ಬಹುಮಾನ ಪಡೆದವರಲ್ಲಿ ಹಾಗೆ ಆಗಲಿಲ್ಲ. ಇದು 1973ರ ವರದಿ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಜೊತೆಗಾರರು ಇಂಥ 128 ಪ್ರಯೋಗ ಒಟ್ಟುಮಾಡಿ ನೋಡಿದಾಗಲೂ ಆಸಕ್ತಿಯ ಕೆಲಸದಲ್ಲಿ ಇದೇ ಕಂಡಿತು. ಬೇಸರದ ಕೆಲಸದಲ್ಲಿ ಈ ಹಾನಿ ಕಾಣಲಿಲ್ಲ. ಹಾಗಾಗಿ ಮಗ್ಗಿ ಬಾಯಿಪಾಠಕ್ಕೆ ಒಂದು ಪೇಢೆ ಕೊಟ್ಟರೆ ಅಡ್ಡಿಯಿಲ್ಲ. ಕಥೆ ಪುಸ್ತಕವನ್ನು ಅವಳಾಗಿಯೇ ಹಿಡಿದು ಕೂತಿದ್ದರೆ ಅಲ್ಲಿಗೆ ದುಡ್ಡು ತರಬೇಡಿ.