ದವಡೆ ಕೀಲಿಗೆ ಎರಡು ಸೂಜಿ: ಡಿಸ್ಕ್‌ನ ಬೆನ್ನುಹತ್ತಿದ ಕಾಲ ಮುಗಿದದ್ದು ಹೇಗೆ

ಬಾಯಿ ತೆರೆದಾಗಲೆಲ್ಲ ಕಿವಿಯ ಮುಂದೆ ‘ಕಟಕ್’ ಎನ್ನುತ್ತಿದ್ದ ಸದ್ದು ಒಂದು ದಿನ ನಿಲ್ಲುತ್ತದೆ, ಜೊತೆಗೆ ಬಾಯಿಯೂ 25–30 ಮಿ.ಮೀ.ಗೇ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ 40 ಮಿ.ಮೀ. ತೆರೆಯಬೇಕಾದದ್ದು. ಇಂಥವರಿಗೆ ಒಬ್ಬ ವೈದ್ಯರು ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸುವ ಅಚ್ಚು) ಎಂದರೆ, ಇನ್ನೊಬ್ಬರು ಕೀಲು ತೊಳೆಯೋಣ ಎನ್ನುತ್ತಾರೆ, ಮತ್ತೊಬ್ಬರು ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಇಂಜೆಕ್ಷನ್ ಎನ್ನುತ್ತಾರೆ.

ದವಡೆ ಕೀಲಿನ ಎಲುಬುಗಳ ನಡುವೆ ಮೆತ್ತೆಯಂತಿರುವುದು ಡಿಸ್ಕ್. ಎಡಿನ್‌ಬರೋದ ಶಸ್ತ್ರವೈದ್ಯ ಆನಂಡೇಲ್ 1887ರಲ್ಲಿ ಸರಿದ ಡಿಸ್ಕ್‌ಗೆ ಹೊಲಿಗೆ ಹಾಕಿದ್ದರು; 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಕಾಸ್ಟನ್ ಈ ಕೀಲಿನ ತೊಂದರೆಯನ್ನೆಲ್ಲ ಹಲ್ಲಿನ ಮೇಲೆ ಹೊರಿಸಿದರು. 1970ರ ದಶಕದಲ್ಲಿ ಕೀಲಿಗೆ ಬಣ್ಣ ತುಂಬಿ ಎಕ್ಸ್‌ರೇ ತೆಗೆದಾಗ ಡಿಸ್ಕ್ ಮುಂದಕ್ಕೆ ಜಾರಿರುವುದು ಕಂಡಿತು. ಕಂಡದ್ದೇ ತಡ, ಕೀಲು ತೆರೆದು ಅದನ್ನು ಸ್ವಸ್ಥಾನಕ್ಕೆ ಎಳೆಯುವ ಭರಾಟೆ ಶುರುವಾಯಿತು. ಹಾಳಾದ ಡಿಸ್ಕ್ ತೆಗೆದ ಜಾಗಕ್ಕೆ ಪ್ರೊಪ್ಲಾಸ್ಟ್–ಟೆಫ್ಲಾನ್ ಎಂಬ ಕೃತಕ ವಸ್ತುವಿನ ಹಾಳೆ ಇಟ್ಟರು. ಅಗಿಯುವ ಭಾರಕ್ಕೆ ಅದು ಪುಡಿಯಾಯಿತು, ಆ ಪುಡಿಯ ವಿರುದ್ಧ ದೇಹ ತಿರುಗಿಬಿದ್ದು ಸುತ್ತಲಿನ ಎಲುಬೇ ಸವೆಯಿತು. 1990ರ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸುವಷ್ಟರಲ್ಲಿ ಬಹಳ ಮಂದಿಯ ಕೀಲು ಕೆಟ್ಟಿತ್ತು.

ದಾರಿ ಬದಲಾದದ್ದು ಇನ್ನೊಂದು ಕಡೆಯಿಂದ. ಜಪಾನಿನ ಓನಿಶಿ 1975ರಲ್ಲಿ ಈ ಕೀಲಿನೊಳಗೆ ಆರ್ಥ್ರೋಸ್ಕೋಪ್, ಅಂದರೆ ಒಳಗನ್ನು ನೋಡುವ ಸಣ್ಣ ನಳಿಕೆ, ಇಳಿಸಿದ್ದರು. 80ರ ದಶಕದಲ್ಲಿ ಅದರಿಂದ ಕೀಲಿನೊಳಗೆ ಕೂಡಿಕೊಂಡ ಅಂಟು ಬಿಡಿಸಿ, ನೀರು ಹಾಯಿಸಿದರೆ ಸಾಕು, ಬಾಯಿ ತೆರೆಯುತ್ತಿತ್ತು. ಆಮೇಲೆ ಎಂಆರ್‌ಐ ಮಾಡಿದರೆ ಡಿಸ್ಕ್ ಮಾತ್ರ ಜಾರಿದಲ್ಲೇ ಇತ್ತು! ಹಾಗಾದರೆ ಗುಣ ಮಾಡಿದ್ದು ನೀರೋ, ನಳಿಕೆಯೋ? 1991ರಲ್ಲಿ ನಿಟ್ಜಾನ್, ಡಾಲ್ವಿಕ್ ಮತ್ತು ಮಾರ್ಟಿನೆಜ್ ನಳಿಕೆಯನ್ನೇ ಬಿಟ್ಟು ಬರೀ ಸೂಜಿಯಲ್ಲಿ ತೊಳೆದರು. ಇದೇ ಆರ್ಥ್ರೋಸೆಂಟೆಸಿಸ್.

ಕಿವಿಯ ಟ್ರೇಗಸ್‌ನ (ಕಿವಿಯ ತೂತಿನ ಮುಂದಿನ ಪುಟ್ಟ ಉಬ್ಬು) ನಡುವಿನಿಂದ ಕಣ್ಣಿನ ಹೊರತುದಿಗೆ ಗೆರೆ ಎಳೆಯುತ್ತಾರೆ. ಟ್ರೇಗಸ್‌ನಿಂದ 10 ಮಿ.ಮೀ. ಮುಂದೆ, ಗೆರೆಗಿಂತ 2 ಮಿ.ಮೀ. ಕೆಳಗೆ ಮೊದಲ ಗುರುತು, 20 ಮಿ.ಮೀ. ಮುಂದೆ, 10 ಮಿ.ಮೀ. ಕೆಳಗೆ ಎರಡನೆಯದು. ಲೋಕಲ್ ಅನಸ್ತೇಶಿಯಾ ಕೊಟ್ಟು, 18 ಅಥವಾ 19 ಗೇಜ್ (ದಪ್ಪದ ಅಳತೆ) ಸೂಜಿಯನ್ನು ಡಿಸ್ಕ್‌ನ ಮೇಲಿನ ಕೋಣೆಗೆ ಸೇರಿಸಿ, 2–3 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ತುಂಬಿ ಕೀಲು ಉಬ್ಬಿಸುತ್ತಾರೆ. ಸರಿಯಾದ ಜಾಗದಲ್ಲಿದ್ದರೆ ಪಿಸ್ಟನ್ ಒತ್ತಿದಾಗ ದವಡೆ ತುಸು ಅಲುಗುತ್ತದೆ. ಎರಡನೇ ಸೂಜಿಯಿಂದ ನೀರು ಹೊರಬರತೊಡಗಿದ ಮೇಲೆ 100 ಮಿ.ಲೀ. ಅಥವಾ ಹೆಚ್ಚು ಹಾಯಿಸುತ್ತಾರೆ. ನಡುನಡುವೆ ಹೊರದಾರಿಯನ್ನು ಬೆರಳಿನಿಂದ ಮುಚ್ಚಿ ಒತ್ತಡ ಏರಿಸಿದರೆ ಅಂಟು ಬಿಡುತ್ತದೆ.

ಎರಡನೇ ಸೂಜಿಯೇ ತಲೆನೋವು. ಅದು ಕೋಣೆ ತಪ್ಪಿದರೆ ನೀರು ಸುತ್ತಲಿನ ಮಾಂಸಕ್ಕೆ ಸೋರಿ ಕೆನ್ನೆ ಊದುತ್ತದೆ. ಅರಿವಳಿಕೆ ಮುಖದ ನರಕ್ಕೆ ಹರಡಿದರೆ ಕಣ್ಣು ರೆಪ್ಪೆ ಕೆಲವು ಗಂಟೆ ಮುಚ್ಚುವುದಿಲ್ಲ. ದವಡೆ ಕೂರುವ ಗುಳಿಯ ಮೇಲ್ಛಾವಣಿ ತೀರ ತೆಳು, ಅದರಾಚೆ ಮಿದುಳು. ಆದ್ದರಿಂದ ಸೂಜಿಯನ್ನು 25 ಮಿ.ಮೀ.ಗಿಂತ ಆಳಕ್ಕೆ ಇಳಿಸುವುದಿಲ್ಲ.

ಕೀಲು ಎಲುಬಾಗಿ ಬೆಸೆದಿದ್ದರೆ ತೊಳೆದು ಉಪಯೋಗವಿಲ್ಲ. ನಮ್ಮ ಕಡೆಯಂತೂ ಮೊದಲು ಕೆನ್ನೆಯ ಒಳಗೆ ಬೆರಳಾಡಿಸಿ ನೋಡಬೇಕು: ಅಡಿಕೆ, ಗುಟ್ಕಾದಿಂದ ಒಳಪದರ ಬಿಗಿದು ಬಾಯಿ ಮುಚ್ಚಿಕೊಂಡಿದ್ದರೆ ಕೀಲಿನ ತಪ್ಪೇನೂ ಇಲ್ಲ.

ಈಗ ತೊಳೆದ ಮೇಲೆ ಹಯಲುರಾನಿಕ್ ಆಮ್ಲ (ಕೀಲಿನ ಜಾರುದ್ರವದಲ್ಲಿರುವ ಅಂಶ) ಅಥವಾ ಪಿಆರ್‌ಪಿ ತುಂಬುವ ರೂಢಿ ಬೆಳೆದಿದೆ. ಬಿಲ್ ಬೆಳೆದಷ್ಟು ಪುರಾವೆ ಬೆಳೆದಿಲ್ಲ. ಮರುದಿನದಿಂದಲೇ ಮೆತ್ತನೆಯ ಊಟ, ದಿನಕ್ಕೆ ಹಲವು ಸಲ ಬಾಯಿ ತೆರೆಯುವ ವ್ಯಾಯಾಮ ಮಾಡದಿದ್ದರೆ, ಬಿಡಿಸಿದ ಅಂಟು ಮತ್ತೆ ಕೂಡುತ್ತದೆ.